ನೆಗ್ಗಿಲು

ನೆಗ್ಗಿಲು ಮುಳ್ಳನ್ನು ಬರಿಗಾಲಲ್ಲಿ ತುಳಿದವರಿಗೆ ಅದರ ಪರಿಚಯ ಬೇಕಾಗಿಲ್ಲ. ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನೆಲಕ್ಕಂಟಿಕೊಂಡಿರುವ ಈ ಬಡಗಿಡಕ್ಕೆ ಸಂಸ್ಕೃತದಲ್ಲಿ ಗೋಕ್ಷುರವೆಂದು ಹೆಸರು. ಹೆಸರು ಬದಲಾದೊಡನೆ ಬೆಲೆಯೂ ಬದಲಾಗುತ್ತದೆ. ಡಬ್ಬಿಯೊಳಗೆ ಸೇರಿ, ಮೇಲೊಂದು ಕುದುರೆಯ ಚಿತ್ರ ಹೊತ್ತು, ಗಂಡಸರ ಶಕ್ತಿವರ್ಧಕವಾಗುತ್ತದೆ. ಇಂಥ ಜಾಹೀರಾತುಗಳಿಗೆ 1954ರಲ್ಲೇ ಕಾನೂನಿನ ನಿಷೇಧ ಬಂದಿದೆ. ಇರಲಿ.

ಕುದುರೆ ಸುಮ್ಮನೆ ಬಂದುದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು, ವಾಜಿಯೆಂದರೆ ಕುದುರೆ. ಆದರೆ ಚರಕ ಬರಿಯ ಬೇರು ನಾರನ್ನು ನಂಬಿದವನಲ್ಲ. ಮುಪ್ಪು, ಚಿಂತೆ, ರೋಗ, ದಣಿವುಗಳಿಂದ ಈ ಶಕ್ತಿ ಕುಂದುತ್ತದೆಂದೂ, ಮನ ಮೆಚ್ಚಿದ ಹೆಣ್ಣೇ ಎಲ್ಲಕ್ಕೂ ಮೇಲಾದ ವಾಜೀಕರಣವೆಂದೂ ಅವನ ಸಂಹಿತೆಯಲ್ಲಿದೆ. ಡಬ್ಬಿಯವರು ಆ ಭಾಗವನ್ನು ಅಚ್ಚು ಹಾಕಿಸುವುದಿಲ್ಲ.

ಇನ್ನು ಪರೀಕ್ಷೆಗಳ ಮಾತು. ಬಲ್ಗೇರಿಯಾದಲ್ಲೂ ನೆಗ್ಗಿಲು ಔಷಧವೇ. ಅಲ್ಲಿ 2005ರಲ್ಲಿ 21 ತರುಣರಲ್ಲಿ ನಡೆದ ಪರೀಕ್ಷೆಯಲ್ಲಿ ಪುರುಷ ಹಾರ್ಮೋನು ಏರಲಿಲ್ಲ. 2014ರಲ್ಲಿ ಬ್ರೆಜಿಲ್‌ನಲ್ಲಿ 30 ಮಂದಿಯಲ್ಲಿ ನೋಡಿದರೆ, ಔಷಧವಿಲ್ಲದ ಬರಿ ಗುಳಿಗೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. 2017ರಲ್ಲಿ ಮತ್ತೆ ಬಲ್ಗೇರಿಯಾದಲ್ಲೇ, 180 ಮಂದಿಯಲ್ಲಿ 12 ವಾರ ಪರೀಕ್ಷಿಸಿದಾಗ ಗುಣ ಕಂಡಿತು! ಹಿರೇಮದ್ದಿನದು, ಎಂದರೆ ಅಶ್ವಗಂಧದ್ದು, ತುಸು ಮೇಲು. 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 90 ದಿನ ಸೇವಿಸಿದವರ ವೀರ್ಯಾಣುಗಳ ಎಣಿಕೆ ಚೆನ್ನಾಗಿಯೇ ಏರಿತು. ಆದರೆ ಅಲ್ಲಿದ್ದವರು ಒಟ್ಟು 46 ಜನ. ನನ್ನ ಒಂದು ತರಗತಿಯಷ್ಟೂ ಇಲ್ಲ. ಅದೂ ಸಂತಾನದ ಮಾತು, ಡಬ್ಬಿಯ ಮೇಲಿನ ಕುದುರೆಯ ಮಾತಲ್ಲ.

ಕನ್ನಡ ಮೇಷ್ಟರಿಗೇಕೆ ಈ ಉಸಾಬರಿ ಎನ್ನುತ್ತೀರಿ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಅಂಥದೊಂದು ಡಬ್ಬಿಯನ್ನು ಕಾಗದದಲ್ಲಿ ಸುತ್ತಿ ತಂದು, ಕೊಠಡಿ ಖಾಲಿಯಾದ ಮೇಲೆ ನನ್ನ ಮುಂದಿಟ್ಟರು. "ನಿಮಗೆ ಸಂಸ್ಕೃತ ಬರುತ್ತಲ್ಲ ಮೇಷ್ಟ್ರೇ, ಇದರಲ್ಲಿ ಏನೇನಿದೆ ಸ್ವಲ್ಪ ನೋಡಿ" ಎಂದರು. ಡಾಕ್ಟರ ಮುಂದೆ ನಾಚಿಕೆ. ವ್ಯಾಕರಣ ಹೇಳುವವನ ಮುಂದೆ ನಾಚಿಕೆಯಿಲ್ಲ.

ಹೆಸರುಗಳನ್ನು ಬಿಡಿಸಿ ಹೇಳುವುದು ಕಷ್ಟವಾಗಲಿಲ್ಲ. ಭಯವಾದದ್ದು ಅಲ್ಲಿ ಅಚ್ಚಾಗದೆ ಇರಬಹುದಾದ ಹೆಸರಿನದು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲ್, ಅಂದರೆ ವಯಾಗ್ರದ ಮದ್ದು, ಗಿಡಮೂಲಿಕೆಯೆಂದು ಮಾರುವ ಎಷ್ಟೋ ಗುಳಿಗೆಗಳಲ್ಲಿ ಗುಟ್ಟಾಗಿ ಬೆರೆತಿರುವುದನ್ನು ಆ ದೇಶದ ಔಷಧ ಇಲಾಖೆ ಮತ್ತೆ ಮತ್ತೆ ಪತ್ತೆಹಚ್ಚಿದೆ. ಎದೆನೋವಿಗೆ ನಾಲಿಗೆಯಡಿ ಇಟ್ಟುಕೊಳ್ಳುವ ನೈಟ್ರೇಟ್ ಗುಳಿಗೆಯ ಜೊತೆ ಅದು ಸೇರಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ಆ ನೈಟ್ರೇಟ್ ಗುಳಿಗೆ ನಮ್ಮ ಹಿರಿಯರ ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ. ವಿಷಯ ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಡಾಕ್ಟರಿಗೆ ನೀವೇ ಹೇಳಿಬಿಡಿ" ಎಂದರು. ಶನಿವಾರ ಇಬ್ಬರೂ ಹೋದೆವು. ಬಾಗಿಲವರೆಗೆ ಮಾತ್ರ ನಾನು; ಡಬ್ಬಿ ಹಿಡಿದು ಒಳಗೆ ಅವರೊಬ್ಬರೇ ಹೋದರು.