ಬಾವಿನ ಬೆನ್ನ ಹಿಂದೆ

ಮೈಮೇಲೆ ಬಾವು ಕಾಣಿಸಿಕೊಂಡರೆ ಪೆಟ್ಟೋ, ಕೀವೋ, ಪಿತ್ತವೋ, ಹುಳದ ಕಡಿತವೋ ಎಂದು ಕುಳಿತಲ್ಲಿಯೇ ನಿರ್ಣಯಿಸಿಬಿಡುವುದು ನಮ್ಮ ಮನೆಗಳ ರೂಢಿ. ಈ ನಾಲ್ಕಕ್ಕೂ ಸೇರದ ಬಾವೊಂದುಂಟು. ಅದು ತುರಿಸುವುದಿಲ್ಲ, ಜ್ವರ ತರುವುದಿಲ್ಲ. ತುಟಿ, ರೆಪ್ಪೆ, ಅಂಗೈ ಹೀಗೆ ಎಲ್ಲೋ ಒಂದೆಡೆ ಮೂಡಿ, ಒಂದು ದಿನ ಏರಿ, ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಗಂಟಲಿನಲ್ಲಿ ಬಂದಾಗ ಮಾತ್ರ ಅಷ್ಟು ಕಾಲಾವಕಾಶ ಕೊಡುವುದಿಲ್ಲ.

ನನ್ನ ತವರಿನಲ್ಲಿ ಇದು ವಂಶದ ಸ್ವತ್ತು. ನನ್ನ ಅಜ್ಜಿ 1958ರಲ್ಲಿ ಒಂದು ರಾತ್ರಿ ಗಂಟಲು ಊದಿ, ಉಸಿರುಕಟ್ಟಿ ತೀರಿಕೊಂಡರು. ಊರವರು ಮಾಟವೆಂದರು. ತಾಯಿಯವರಿಗೆ ಅದು ಹೊಟ್ಟೆನೋವಾಗಿ ಬರುತ್ತಿತ್ತು, ಏಕೆಂದರೆ ಕರುಳಿನ ಗೋಡೆಯೂ ಊದಬಲ್ಲದು. ನಿರೋಗಿಯಾಗಿದ್ದ ಅಪೆಂಡಿಕ್ಸನ್ನು ಕತ್ತರಿಸಿ ತೆಗೆದ ಗಾಯದ ಗುರುತು ಅವರ ಹೊಟ್ಟೆಯ ಮೇಲೆ ಕೊನೆಯವರೆಗೂ ಇತ್ತು. ತಾಯಿ ಅಥವಾ ತಂದೆಯಿಂದ ಪ್ರತಿ ಮಗುವಿಗೂ ಇದು ಬರುವ ಸಂಭವ ಅರ್ಧಕ್ಕರ್ಧ. ನನ್ನನ್ನು ಬಿಟ್ಟಿತು, ತಂಗಿಯನ್ನು ಹಿಡಿಯಿತು, ಈಗ ತಂಗಿಯ ಮಗಳಲ್ಲಿದೆ.

ಕಾಯಿಲೆಗೆ ಹೆಸರು ಬಂದು ಬಹಳ ಕಾಲವಾಯಿತು. ವಂಶಪಾರಂಪರ್ಯವಾದ ಇಂಥ ಬಾವನ್ನು ಒಂದೇ ಮನೆತನದ ಐದು ತಲೆಮಾರುಗಳಲ್ಲಿ ಕಂಡು ವಿಲಿಯಂ ಆಸ್ಲರ್ 1888ರಲ್ಲಿಯೇ ಬರೆದಿದ್ದರು. ಕಾರಣ ತಿಳಿದದ್ದು 1963ರಲ್ಲಿ, ಅಜ್ಜಿ ಹೋಗಿ ಐದು ವರ್ಷಗಳಾದ ಮೇಲೆ. ಅಮೆರಿಕದ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಎವಾನ್ಸ್ ಅವರು ಇಂಥವರ ರಕ್ತದಲ್ಲಿ ಸಿ1 ಪ್ರತಿಬಂಧಕವೆಂಬ ಪ್ರೋಟೀನಿನ ಕೊರತೆಯನ್ನು ಕಂಡುಹಿಡಿದರು.

ಮಗಳ ರಕ್ತಪರೀಕ್ಷೆಯಲ್ಲಿಯೂ ಅದೇ ಕೊರತೆ ತಿಳಿದಾಗ ವೈದ್ಯರು ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ ಬರೆದುಕೊಟ್ಟರು. ತಂಗಿ ತಕರಾರು ತೆಗೆದಳು: “ಇದು ಮುಟ್ಟಿನ ಸ್ರಾವ ಹೆಚ್ಚಾದಾಗ ಕೊಡುವ ಗುಳಿಗೆ. ಬಾವಿಗೂ ಇದಕ್ಕೂ ಏನು ಸಂಬಂಧ?” ನನಗೆ ಈ ಪ್ರಶ್ನೆ ಬಹಳ ಯೋಗ್ಯವೆನಿಸಿತು.

ಗಾಯವಾದರೆ ರಕ್ತ ಹೆಪ್ಪುಗಟ್ಟುತ್ತದೆಂಬುದು ಎಲ್ಲರಿಗೂ ಗೊತ್ತು. ಕೆಲಸ ಮುಗಿದ ಹೆಪ್ಪನ್ನು ಕರಗಿಸಲೂ ಶರೀರದಲ್ಲಿ ಒಂದು ವ್ಯವಸ್ಥೆಯುಂಟು. ಪ್ಲಾಸ್ಮಿನೋಜನ್ ಎಂಬ ಸುಪ್ತ ವಸ್ತು ಎಚ್ಚೆತ್ತು ಪ್ಲಾಸ್ಮಿನ್ ಆಗಿ ಹೆಪ್ಪಿನ ಎಳೆಗಳನ್ನು ಕತ್ತರಿಸುತ್ತದೆ. ಆದರೆ ಈ ಕತ್ತರಿ ಅಷ್ಟಕ್ಕೇ ನಿಲ್ಲುವುದಿಲ್ಲ. ರಕ್ತದ ಹನ್ನೆರಡನೆಯ ಘಟಕವನ್ನೂ ಕೆಣಕಬಲ್ಲದು. ಅದು ಕ್ಯಾಲಿಕ್ರೀನನ್ನು ಎಬ್ಬಿಸುತ್ತದೆ, ಕ್ಯಾಲಿಕ್ರೀನ್ ಬ್ರಾಡಿಕೈನಿನನ್ನು ಬಿಡಿಸುತ್ತದೆ. ಬ್ರಾಡಿಕೈನಿನ್ ಸೋಕಿದೆಡೆ ಸೂಕ್ಷ್ಮ ರಕ್ತನಾಳಗಳು ಸಡಿಲಗೊಂಡು ನೀರು ಹೊರಗೆ ಸೋರುತ್ತದೆ. ಅದೇ ಬಾವು. ಸಿ1 ಪ್ರತಿಬಂಧಕವು ಈ ಸರಪಳಿಯ ಹಲವು ಕೊಂಡಿಗಳಿಗೆ ಕಾವಲಿರುತ್ತದೆ. ನಮ್ಮವರಲ್ಲಿ ಕಡಿಮೆಯಾಗಿರುವುದು ಈ ಕಾವಲು. ಟ್ರಾನೆಕ್ಸಾಮಿಕ್ ಆಮ್ಲ ಪ್ಲಾಸ್ಮಿನ್ನಿನ ಹುಟ್ಟನ್ನು ತಗ್ಗಿಸುವುದರಿಂದ ರಕ್ತಸ್ರಾವಕ್ಕೂ ಬಾವಿಗೂ ಒಂದೇ ಗುಳಿಗೆ.

ಅದನ್ನು 1962ರಲ್ಲಿ ಲೋಕಕ್ಕೆ ನೀಡಿದವರು ಜಪಾನಿನ ಉಟಾಕೊ ಮತ್ತು ಶೋಸುಕೆ ಒಕಮೋಟೊ ದಂಪತಿಗಳು. ಉಟಾಕೊ ಅವರು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದರಂತೆ. ಹೆರಿಗೆಯ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸುವುದು ಅವರ ಹಂಬಲವಾಗಿತ್ತು.

ಈ ಸಂಬಂಧಕ್ಕೆ ಬೇರೆ ಸಾಕ್ಷಿಗಳೂ ಇವೆ. ಮಿದುಳಿನ ನಾಳದಲ್ಲಿ ಹೆಪ್ಪು ಸಿಕ್ಕಿ ಪಾರ್ಶ್ವವಾಯು ಬಡಿದವರಿಗೆ ಅದನ್ನು ಕರಗಿಸಲು ಆಲ್ಟೆಪ್ಲೇಸ್ ಕೊಡುತ್ತಾರೆ. ಪ್ಲಾಸ್ಮಿನ್ನನ್ನು ಎಬ್ಬಿಸುವ ಔಷಧವದು. ಅದನ್ನು ಪಡೆದ ನೂರು ಜನರಲ್ಲಿ ಒಬ್ಬರಿಂದ ಐವರಿಗೆ ನಾಲಿಗೆ, ತುಟಿ ಊದುತ್ತವೆ. ಎನಾಲಪ್ರಿಲ್, ರಾಮಿಪ್ರಿಲ್‌ನಂಥ ರಕ್ತದೊತ್ತಡದ ಗುಳಿಗೆ ಸೇವಿಸುತ್ತಿದ್ದವರಲ್ಲಿ ಇದು ಹೆಚ್ಚು, ಏಕೆಂದರೆ ಆ ಗುಳಿಗೆಗಳು ಬ್ರಾಡಿಕೈನಿನ್ ನಾಶವಾಗದಂತೆ ತಡೆಯುತ್ತವೆ. 2018ರಲ್ಲಿ ಜರ್ಮನಿಯ ಸಂಶೋಧಕರು ಪ್ಲಾಸ್ಮಿನೋಜನ್ ಜೀನಿನಲ್ಲಿಯೇ ದೋಷವಿರುವ ಮನೆತನಗಳನ್ನು ಗುರುತಿಸಿದರು. ಅವರಿಗೆ ಸಿ1 ಪ್ರತಿಬಂಧಕ ಸರಿಯಾಗಿದ್ದರೂ ನಾಲಿಗೆ ಊದುತ್ತಿತ್ತು.

ಗುಳಿಗೆಯನ್ನು ನಾನು ಹೊಗಳಿ ಹಾಡಲಾರೆ. ಕೆಲವರಿಗೆ ಬಾವಿನ ಸರದಿ ಕಡಿಮೆಯಾಗುತ್ತದೆ, ಕೆಲವರಿಗೆ ಇಲ್ಲ. ಗಂಟಲು ಬಿಗಿದಾಗ ಅದನ್ನು ನಂಬಿ ಕೂಡುವಂತಿಲ್ಲ. ಆಗ ಸಿ1 ಪ್ರತಿಬಂಧಕವನ್ನೇ ಚುಚ್ಚುವುದು ಉತ್ತಮ. ಆದರೆ ಅದು ದುಬಾರಿ, ನಮ್ಮ ತಾಲ್ಲೂಕು ಊರುಗಳಲ್ಲಿ ಸಿಗುವ ಮಾತಲ್ಲ. ಅದಿಲ್ಲದೆಡೆ ವೈದ್ಯರು ಶೀತಲೀಕರಿಸಿದ ಪ್ಲಾಸ್ಮಾ ಏರಿಸುತ್ತಾರೆ. ಅಲರ್ಜಿಗೆ ಕೊಡುವ ಅವಿಲ್, ಸ್ಟೆರಾಯ್ಡ್, ಅಡ್ರಿನಲಿನ್ ಇದಕ್ಕೆ ನಾಟುವುದಿಲ್ಲ. ಇದನ್ನರಿಯದ ಒಂದು ಆಸ್ಪತ್ರೆಯಲ್ಲಿ ನನ್ನ ತಂಗಿ ಅವೇ ಸೂಜಿಗಳನ್ನು ಚುಚ್ಚಿಸಿಕೊಳ್ಳುತ್ತ ಇಡೀ ರಾತ್ರಿ ಕಳೆದಳು. ಬದುಕಿದ್ದು ನಮ್ಮ ಪುಣ್ಯ.

ಈಗ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಕಾಯಿಲೆಯ ಮಾತು ಹೊರಬಿದ್ದರೆ ಸಂಬಂಧ ಕೂಡುವುದಿಲ್ಲವೆಂದು ನಮ್ಮ ಹಿರಿಯರ ಒತ್ತಾಯ. ಮೊದಲ ಭೇಟಿಯಲ್ಲಿಯೇ ಹೇಳಬೇಕೆಂಬುದು ನನ್ನ ಹಟ. ಹೇಳದೆ ಕಳಿಸಿದರೆ, ಮಧ್ಯರಾತ್ರಿ ಅವಳ ಧ್ವನಿ ಒಡೆದಾಗ ಆ ಮನೆಯವರು ನೆಗಡಿಯೆಂದು ಶುಂಠಿ ಕಷಾಯ ಕಾಯಿಸುತ್ತ ಕೂತಾರು. ಈಸ್ಟ್ರೊಜೆನ್ ಇರುವ ಸಂತಾನನಿರೋಧಕ ಗುಳಿಗೆ ಅವಳಿಗೆ ಹೊಂದದೆಂಬುದೂ ಗಂಡನಾಗುವವನಿಗೆ ತಿಳಿದಿರಬೇಕು. ಕಳೆದ ತಿಂಗಳು ಒಂದು ಮನೆಯವರು ಎಲ್ಲ ಕೇಳಿಸಿಕೊಂಡು, ಉಪ್ಪಿಟ್ಟು ತಿಂದು, ತಿಳಿಸುತ್ತೇವೆಂದು ಹೋದವರು ಇನ್ನೂ ತಿಳಿಸಿಲ್ಲ. ಮಗಳು ತಲೆಕೆಡಿಸಿಕೊಂಡಿಲ್ಲ. ಕಾಯಿಲೆಯ ಹೆಸರು, ಕೊಡಬೇಕಾದ ಮದ್ದು, ಕೊಡಬಾರದ ಮದ್ದು ಬರೆದ ಚೀಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಇನ್ನೊಂದು ಪ್ರತಿಯನ್ನು ಬರಲಿರುವ ಮನೆಯವರಿಗೆಂದು ತೆಗೆದಿರಿಸಿದ್ದಾಳೆ.