ಮುದಿ ಗಣಕದ ಶುಶ್ರೂಷೆ

ಹಳೆಯ ವಸ್ತುಗಳಿಗೆ ಸಂಸಾರವಂದಿಗರ ಮನೆಯಲ್ಲಿ ಒಂದು ಮರ್ಯಾದೆಯುಂಟು. ತಾತನ ಕಾಲದ ಗಡಿಯಾರ ನಿಂತುಹೋದರೂ ಗೋಡೆಯಿಂದ ಇಳಿಯುವುದಿಲ್ಲ. ವಾಲ್ವಿನ ರೇಡಿಯೋ ಮೂಕವಾದ ಮೇಲೂ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತದೆ. ಈ ಪಂಕ್ತಿಗೆ ಈಚೆಗೆ ಬಂದು ಸೇರಿದುದು ಮೇಜಿನ ಮೇಲಿನ ಗಣಕಯಂತ್ರ. ಆದರೆ ಗಡಿಯಾರ ನಿಂತರೆ ಕಾಲವೇನೂ ನಿಲ್ಲುವುದಿಲ್ಲ. ರೇಡಿಯೋ ಸುಮ್ಮನಾದರೆ ಸಂಗೀತವೇನೂ ಸಾಯುವುದಿಲ್ಲ. ಗಣಕದ ಮಾತು ಹಾಗಲ್ಲ. ಅದರ ಹೊಟ್ಟೆಯೊಳಗೆ ಮನೆಯವರು ಬರೆದಿಟ್ಟ ಲೆಕ್ಕವಿದೆ, ಕಾಗದಪತ್ರವಿದೆ, ಮಗಳ ಮದುವೆಯ ಆಹ್ವಾನಪತ್ರಿಕೆಯಿದೆ. ಅದು ಕಣ್ಣು ಮುಚ್ಚಿದರೆ ಇವೆಲ್ಲವೂ ಅದರೊಡನೆಯೇ ಮುಚ್ಚಿಹೋಗುವ ಭಯ. ಆದಕಾರಣವೇ ಮುದಿ ಗಣಕದ ಶುಶ್ರೂಷೆ ಒಂದು ವಿಶೇಷ ವಿದ್ಯೆಯಾಗಿ ಬೆಳೆದಿದೆ.

ನಂದಿಬೆಟ್ಟದ ಆಚೀಚಿನ ಊರುಗಳಲ್ಲಿ ಈ ವಿದ್ಯೆಗೆ ಕೆಲಸವಿಲ್ಲದ ದಿನವಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ತಾಲ್ಲೂಕು ಕಚೇರಿಗಳಿಗೆ ಗಣಕವನ್ನು ತಂದು ಕೈಬರಹದ ಪಹಣಿಯ ಕಾಲವನ್ನು ಮುಗಿಸಿತು. ಎಷ್ಟೋ ಮಂದಿ ರೈತರು ಗಣಕದ ಮುಖವನ್ನು ಮೊದಲು ನೋಡಿದ್ದು ಅಂಥ ಕಿಟಕಿಯ ಮುಂದೆ ಸಾಲು ನಿಂತಾಗಲೇ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕಚೇರಿಗಳಿರುವ ಬೀದಿಗೆ ಅರ್ಜಿ ಟೈಪು ಮಾಡಿಕೊಡುವ ಅಂಗಡಿಯೂ ಬೇಕಷ್ಟೆ. ಶಿಡ್ಲಘಟ್ಟದ ರೇಷ್ಮೆಯ ವ್ಯಾಪಾರ, ಚಿಂತಾಮಣಿಯ ಮಂಡಿಯ ವಹಿವಾಟು, ಗೌರಿಬಿದನೂರಿನ ಅಂಗಡಿಗಳ ಬಾಕಿ, ಎಲ್ಲವೂ ಖಾತೆ ಪುಸ್ತಕದಿಂದ ಒಂದೊಂದಾಗಿ ಪರದೆಯ ಮೇಲಕ್ಕೆ ಬಂದವು. ಅಂದು ಹೊಸದಾಗಿದ್ದ ಯಂತ್ರಗಳೇ ಇಂದು ಮುದಿಯಾಗಿವೆ.

ಇವುಗಳ ವೈದ್ಯನಿಗೆ ಬೋರ್ಡಿಲ್ಲ, ಬಿರುದಿಲ್ಲ. ಹೆಗಲಲ್ಲಿ ಒಂದು ಚೀಲ. ಚೀಲದಲ್ಲಿ ತಿರುಪುಳಿ, ಸಿ.ಡಿ.ಗಳ ಕಟ್ಟು, ನಾಣ್ಯದಾಕಾರದ ನಾಲ್ಕಾರು ಬ್ಯಾಟರಿ ಮತ್ತು ಶಾಲೆಯ ಹುಡುಗರ ಒಂದು ರಬ್ಬರು. ಬೆಳಗ್ಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಹತ್ತಿದರೆ ಶಿಡ್ಲಘಟ್ಟವನ್ನು ಮುಗಿಸಿಕೊಂಡು ಅದೇ ದಾರಿಯಲ್ಲಿ ಚಿಂತಾಮಣಿ. ಗೌರಿಬಿದನೂರಿಗೆ ಮಾತ್ರ ಬೇರೆ ದಿನ, ಬೇರೆ ದಿಕ್ಕು. ರಬ್ಬರು ಏಕೆಂದು ಕೇಳುವವರುಂಟು. ಗಣಕದ ತಾತ್ಕಾಲಿಕ ನೆನಪು ಇರುವ ಪಟ್ಟಿಯ ಹೊಂಬಣ್ಣದ ಅಂಚಿಗೆ ವರ್ಷಗಳ ಕಿಲುಬು ಹಿಡಿದಿರುತ್ತದೆ. ಅದನ್ನು ರಬ್ಬರಿನಿಂದ ಮೆಲ್ಲನೆ ಉಜ್ಜಿ ಮತ್ತೆ ಸಿಕ್ಕಿಸಿದರೆ ಎಷ್ಟೋ ಸಲ ಸತ್ತಿತೆಂದುಕೊಂಡ ಯಂತ್ರ ಎದ್ದು ಕೂರುತ್ತದೆ. ಗೌರಿಬಿದನೂರಿನ ನೆಲದಲ್ಲಿ 1965ರ ಸುಮಾರಿನಿಂದಲೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಉಪಕರಣಗಳು ಭೂಕಂಪದ ಅಲೆಗಳನ್ನು ಆಲಿಸುತ್ತಿವೆ. ಈ ವೈದ್ಯನ ರೋಗಪರೀಕ್ಷೆಯೂ ಆಲಿಸುವುದರಿಂದಲೇ ಆರಂಭ. ಗುಂಡಿ ಒತ್ತಿದೊಡನೆ ಒಂದು ಚಿಕ್ಕ ಕೂಗು ಬಂದರೆ ಸಾಮಾನ್ಯವಾಗಿ ಕ್ಷೇಮ. ಕೂಗು ಮತ್ತೆ ಮತ್ತೆ ಬಂದರೆ ಬಹುಮಟ್ಟಿಗೆ ನೆನಪಿನ ಪಟ್ಟಿಯ ನೋವು.

ಮುದಿತನದ ಮೊದಲ ಲಕ್ಷಣ ಕಾಲದ ಭ್ರಮೆ. ಯಂತ್ರ ಎದ್ದೇಳುತ್ತದೆ, ಆದರೆ ಅದರ ಪಾಲಿಗೆ ಇಸವಿ ಇನ್ನೂ 2002. ಒಳಗಿರುವ ಮೂರು ವೋಲ್ಟಿನ ಸಣ್ಣ ಬ್ಯಾಟರಿ ಬರಿದಾಗಿ, ವಿದ್ಯುತ್ತು ಹೋದಾಗಲೆಲ್ಲ ದಿನಾಂಕ ತನ್ನ ಹುಟ್ಟಿನ ಕಾಲಕ್ಕೆ ಹಿಂದಿರುಗುತ್ತದೆ. ಇದು ನಗುವ ಸಂಗತಿಯಾಗಿ ಕಂಡರೂ ಪರಿಣಾಮ ನಗುವಂಥದಲ್ಲ. ಅಂತರ್ಜಾಲದ ತಾಣಗಳು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಉಂಟು. 2002ರಲ್ಲಿ ಕುಳಿತವನಿಗೆ ಇಂದಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಾರದ ಕಾಗದ. ಅದನ್ನು ಅದು ನಂಬುವುದೆಂತು? ಬ್ಯಾಟರಿಯೊಂದನ್ನು ಬದಲಿಸಿ, ದಿನಾಂಕ ತಿದ್ದಿದರೆ ಈ ಭ್ರಮೆ ಹೋಗುತ್ತದೆ.

ಎರಡನೆಯ ಲಕ್ಷಣ ವಿಳಾಸ ಮರೆಯುವುದು. ಜಾಲದಲ್ಲಿ ಪ್ರತಿ ಗಣಕಕ್ಕೂ ಮನೆಯ ನಂಬರಿನಂತೆ ಒಂದು ಸಂಖ್ಯೆಯುಂಟು. ಅದನ್ನು ಹಂಚುವುದು ರೂಟರೆಂಬ ಪೆಟ್ಟಿಗೆ. ಅದು ಕೊಟ್ಟ ಸಂಖ್ಯೆ ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. 169.254 ಎಂದು ಆರಂಭವಾದರೆ, ಕೊಡುವವರು ಸಿಕ್ಕದೆ ಯಂತ್ರವೇ ತನಗೊಂದು ನಂಬರು ಇಟ್ಟುಕೊಂಡಿದೆ ಎಂದು ಅರ್ಥ. ಆಗ ಪರದೆಯನ್ನು ಬಿಟ್ಟು ತಂತಿಯನ್ನು ಹಿಡಿಯಬೇಕು. ಎಂಟು ಎಳೆಗಳ ಆ ತಂತಿಯನ್ನು ಬಾಗಿಲಿನ ಸಂದಿಯಲ್ಲಿ ಇಲಿಯೋ ಕೀಲೋ ಕಡಿದಿರುತ್ತದೆ. ಇನ್ನೊಂದು ತೊಡಕು ಬಳಗದ ಹೆಸರಿನದು. ಮನೆಗೆಂದು ಮಾರಿದ ವಿಂಡೋಸ್ ಎಕ್ಸ್‌ಪಿ ತನ್ನ ಬಳಗಕ್ಕೆ ‘ಎಂಎಸ್‌ಹೋಮ್’ ಎಂದು ಹೆಸರಿಟ್ಟಿತ್ತು. ಅನಂತರದವು ‘ವರ್ಕ್‌ಗ್ರೂಪ್’ ಎಂದವು. ಒಂದೇ ಅಂಗಡಿಯ ಎರಡು ಗಣಕಗಳು ಒಂದನ್ನೊಂದು ಕಾಣದಿರಲು ಇಷ್ಟೇ ಕಾರಣವಾಗುವುದುಂಟು.

ಮೂರನೆಯ ಲಕ್ಷಣವೇ ಕನ್ನಡಿಗರ ಮನಸ್ಸಿಗೆ ತಾಕುವಂಥದು: ಅಕ್ಷರದ ಗೊಂದಲ. 2001ರಲ್ಲಿ ಬಂದ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸವೂ ಬಂದಿತ್ತು. ಆದರೂ ಪ್ರಾದೇಶಿಕ ಆಯ್ಕೆಗಳ ಪುಟದಲ್ಲಿ ಒಂದು ಗುರುತು ಹಾಕಿ, ಮೂಲ ಸಿ.ಡಿ.ಯನ್ನು ಒಳಗಿಟ್ಟು, ಸಂಕೀರ್ಣ ಲಿಪಿಗಳ ಕಡತಗಳನ್ನು ಸೇರಿಸದೆ ಇದ್ದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಇದು ಸುಲಭದ ರೋಗ. ಇದಕ್ಕಿಂತ ಆಳವಾದದ್ದು ಇನ್ನೊಂದಿದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಲೆಕ್ಕವಾದ ಯೂನಿಕೋಡ್ ಬಳಕೆಗೆ ಬರುವ ಮುನ್ನ ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳೇ ಕನ್ನಡದ ಕೈ ಹಿಡಿದು ನಡೆಸಿದವು. ಅವುಗಳ ಉಪಕಾರ ದೊಡ್ಡದು. ಆದರೆ ಅಂದಿನ ಅನುಕೂಲದಲ್ಲಿ ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿ ಕೂರಿಸಬೇಕಾಗಿತ್ತು. ನುಡಿಯ ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದವನ್ನೇ ತೆರೆದು ನೋಡಿದರೆ, ‘ನ’ಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಗುರುತು ಕಾಣಿಸುತ್ತದೆ!

ನಿವೃತ್ತ ಉಪಾಧ್ಯಾಯರೊಬ್ಬರು ಚಿಂತಾಮಣಿಯ ತಮ್ಮ ಮನೆಯಲ್ಲಿ ಹತ್ತು ವರ್ಷ ಕುಳಿತು ವಂಶದ ಕಥೆಯನ್ನು ಟೈಪು ಮಾಡಿಟ್ಟು ತೀರಿಕೊಂಡರೆಂದು ಭಾವಿಸಿರಿ. ಮೊಮ್ಮಗಳು ಆ ಕಡತವನ್ನು ತನ್ನ ಹೊಸ ಯಂತ್ರದಲ್ಲಿ ತೆರೆದಾಗ ಮುತ್ತಜ್ಜಿಯ ಹೆಸರಿರಬೇಕಾದ ಕಡೆ ಪೌಂಡಿನ ಗುರುತೂ ತಲೆಯ ಮೇಲೆ ಗೀಟು ಹೊತ್ತ ವಿದೇಶೀ ಅಕ್ಷರಗಳೂ ಸಾಲಾಗಿ ನಿಂತಿರುತ್ತವೆ. ಕಡತ ಕೆಟ್ಟಿಲ್ಲ. ತಾತ ಒತ್ತಿದ ಒಂದು ಗುಂಡಿಯೂ ನಷ್ಟವಾಗಿಲ್ಲ. ಆದರೂ ಓದಬಲ್ಲದ್ದು ಆ ಮುದಿ ಗಣಕವೊಂದೇ.

ಇಂಥ ಸಂದರ್ಭದಲ್ಲಿ ಅಕ್ಕರೆಯೇ ಅಪಾಯಕ್ಕೆ ದಾರಿಯಾಗುತ್ತದೆ. ಹಳೆಯ ಯಂತ್ರವನ್ನು ಹೊಸದರೊಡನೆ ಜಾಲದಲ್ಲಿ ಸೇರಿಸಿಬಿಡೋಣವೆಂದು ಮನೆಯವರು ಬಯಸುತ್ತಾರೆ. ಎಕ್ಸ್‌ಪಿ ಕಡತಗಳನ್ನು ಹಂಚಿಕೊಳ್ಳಲು ಬಲ್ಲ ಭಾಷೆ ಒಂದೇ: ಎಸ್‌ಎಂಬಿಯ ಮೊದಲನೆಯ ಆವೃತ್ತಿ. 2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಇದೇ ಬಾಗಿಲಿನಿಂದ ನುಗ್ಗಿ, ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಎಕ್ಸ್‌ಪಿಯ ಪೋಷಣೆಯನ್ನು 2014ರ ಏಪ್ರಿಲ್ 8ಕ್ಕೇ ನಿಲ್ಲಿಸಿದ್ದ ಮೈಕ್ರೋಸಾಫ್ಟ್ ಸಂಸ್ಥೆ, ಆ ಗಾಬರಿಯಲ್ಲಿ ಅದಕ್ಕೂ ಒಂದು ತೇಪೆಯನ್ನು ಹೊಲಿದು ಕೊಡಬೇಕಾಯಿತು. ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10ರಿಂದ ಈ ಹಳೆಯ ಭಾಷೆಯನ್ನು ತೆಗೆದಿಡುವ ಪದ್ಧತಿ ಬಂದಿತು. ಹೊಸ ಯಂತ್ರ ಹಳೆಯದರ ಮಾತಿಗೆ ಕಿವಿಗೊಡದಿರುವುದು ಅಹಂಕಾರದಿಂದಲ್ಲ, ಪೆಟ್ಟು ತಿಂದ ಎಚ್ಚರದಿಂದ. ಆ ಭಾಷೆಯನ್ನು ಮತ್ತೆ ತೆರೆಯುವ ಆಯ್ಕೆಯೇನೋ ಉಂಟು. ನೋಡಿದವರು ಕೈಚಳಕವೆಂದು ಮೆಚ್ಚಬಹುದು. ಮುದುಕರು ಬರಲೆಂದು ರಾತ್ರಿಯೆಲ್ಲ ಬೀದಿಬಾಗಿಲನ್ನು ತೆರೆದಿಟ್ಟು ಮಲಗಿದಂತೆಯೇ ಅದು.

ಬಲ್ಲ ವೈದ್ಯ ಮಾಡುವುದು ಬೇರೆ. ಮೊದಲು ಜಾಲದ ತಂತಿಯನ್ನು ಕಳಚಿಡುತ್ತಾನೆ. ಆಮೇಲೆ ಹಳೆಯ ಯಂತ್ರದಿಂದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸುತ್ತಾನೆ. ಯಂತ್ರ ಏಳಲೊಲ್ಲದಾದರೆ ಅದರ ತಟ್ಟೆಯನ್ನೇ ಬಿಚ್ಚಿ ತಕ್ಕ ಕೊಂಡಿಯಿಂದ ಹೊಸದಕ್ಕೆ ಸೇರಿಸಿ ಓದುತ್ತಾನೆ. ಹಳೆಯ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ. ಆದರೆ ತಿರುಗಿಸಿ ಸುಮ್ಮನಾಗಬಾರದು. ಅರ್ಕಾವತ್ತು ಸ್ಥಾನ ತಪ್ಪಿರಬಹುದು. ನಡುವೆ ಬಂದ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡವಾಗಿರಬಹುದು. ಮನೆಯವರೊಬ್ಬರು ಕುಳಿತು ಸಾಲು ಸಾಲಾಗಿ ಓದಬೇಕು. ಆ ಕೆಲಸವನ್ನು ಯಾವ ವೈದ್ಯನೂ ಮಾಡಿಕೊಡಲಾರ, ಏಕೆಂದರೆ ಮುತ್ತಜ್ಜಿಯ ಹೆಸರು ಅವನಿಗೆ ಗೊತ್ತಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಪೋಷಣೆಯೂ ಮುಗಿಯಿತು. ಇಂದು ಮೊಮ್ಮಗಳ ಮೇಜಿನ ಮೇಲಿರುವುದೂ ಮುದಿಯಾಗುವ ಸರದಿಗೆ ಬಂದಂತಾಯಿತು. ಅಷ್ಟರಲ್ಲಿ ತಾತನ ಬರಹ ಎರಡು ಬೇರೆ ಬೇರೆ ಕಡೆ ಪ್ರತಿಯಾಗಿ, ಒಂದು ಕಾಗದದ ಮೇಲೂ ಮುದ್ರಿತವಾಗಿದ್ದರೆ, ಹಳೆಯ ಯಂತ್ರಕ್ಕೆ ಮತ್ತೆ ಕಸೂತಿಯ ಬಟ್ಟೆ ಹೊದಿಸಬಹುದು. ಅದು ಇನ್ನು ಏಳದಿದ್ದರೂ ಮನೆಯವರು ನಿಶ್ಚಿಂತೆಯಿಂದಿರಬಹುದು.