ಸೀಸೆಯಲ್ಲಿ ಹೋದ ಗಂಟು

ಕಳೆದ ಶ್ರಾವಣದಲ್ಲಿ ಸ್ನಾನ ಮಾಡುವಾಗ ಎಡಗಡೆ ಸ್ತನದಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಉರಿಯಿಲ್ಲ. ನೋವೇ ಇಲ್ಲದ್ದಕ್ಕೆ ಡಾಕ್ಟರ ಹತ್ತಿರ ಯಾಕೆ ಅಂತ ಒಂದು ತಿಂಗಳು ಸುಮ್ಮನಿದ್ದುಬಿಟ್ಟೆ. ಅದು ನನ್ನದೇ ತಪ್ಪು. ಕ್ಯಾನ್ಸರ್ ಗಂಟು ಮೊದಮೊದಲು ನೋಯದೇ ಇರುವುದೇ ಹೆಚ್ಚಂತೆ.

ಸ್ಕ್ಯಾನಿಂಗ್ ಆಯಿತು, ಸೂಜಿ ಚುಚ್ಚಿ ಪರೀಕ್ಷೆಯೂ ಆಯಿತು. ಸೂಜಿಯ ವರದಿ ಸ್ಪಷ್ಟವಾಗಿ ಬರಲಿಲ್ಲ. "ಗಂಟನ್ನು ಪೂರ್ತಿ ತೆಗೆದೇ ಬಯಾಪ್ಸಿಗೆ ಕಳಿಸೋಣಮ್ಮ" ಅಂದರು ಡಾಕ್ಟರು. ಮನೆಯಲ್ಲಿ ಅತ್ತೆಯವರು ಬೇಡವೇ ಬೇಡ ಅಂದರು. "ಕತ್ತಿ ತಾಗಿಸಿದರೆ ಗಂಟು ಕೆರಳುತ್ತೆ ಕಣೇ, ಮೈಯೆಲ್ಲ ಹರಡುತ್ತೆ." ನಾನೂ ನಂಬಿದ್ದವಳೇ. ಡಾಕ್ಟರನ್ನೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ರೋಗ ಪೂರಾ ಬಲಿತ ಮೇಲೆ ಬಂದವರು ಉಳಿಯದಿದ್ದಾಗ ಜನ ಕತ್ತಿಯನ್ನು ದೂರುತ್ತಾರೆ, ಬಯಾಪ್ಸಿ ಮಾಡಿಸಿದ್ದರಿಂದ ಕ್ಯಾನ್ಸರ್ ಹರಡುತ್ತದೆಂಬ ಹೆದರಿಕೆ ಬೇಡ, ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರೇ ಅಲ್ಲ ಅಂತ ಬಿಡಿಸಿ ಹೇಳಿದರು.

ನನಗೆ ಇನ್ನೊಂದು ಹೆದರಿಕೆಯಿತ್ತು. ನಮ್ಮ ಹಿರೀ ಓರಗಿತ್ತಿಗೆ ಕೆಲವು ವರ್ಷದ ಹಿಂದೆ ಬೆನ್ನಿನ ಗಂಟು ತೆಗೆಸಿದ್ದೆವು. "ಬರೀ ಕೊಬ್ಬಿನ ಗಂಟು" ಅಂತ ಅದನ್ನು ಅಲ್ಲೇ ಎಸೆದುಬಿಟ್ಟರು. ಪರೀಕ್ಷೆಯ ದುಡ್ಡು ಉಳಿಯಿತಲ್ಲ ಅಂತ ನಾವೂ ಬಾಯಿ ಬಿಡಲಿಲ್ಲ. ಎರಡು ವರ್ಷಕ್ಕೆ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಬೇರೆ ಡಾಕ್ಟರು "ಮೊದಲಿನದ್ದರ ರಿಪೋರ್ಟ್ ಎಲ್ಲಿ?" ಅಂದರೆ ಏನು ತೋರಿಸೋಣ? ಅಕ್ಕ ಆಮೇಲೆ ಪಟ್ಟ ಪಾಡು ನಮ್ಮ ಮನೆಗೇ ಗೊತ್ತು.

ಅದಕ್ಕೇ ಈ ಸಲ ಟೇಬಲ್ ಹತ್ತುವ ಮೊದಲೇ ಕೇಳಿದೆ: "ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸ್ತೀರಾ ಸಾರ್?" ಅವರೂ ನನ್ನನ್ನು ಕೇಳುವುದು ಬೇಕಾದಷ್ಟಿತ್ತು. ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ, ಯಾವುದಾದರೂ ಇಂಜೆಕ್ಷನ್ ಒಗ್ಗುವುದಿಲ್ಲವೇ ಅಂತ. ನಾಟಿ ಔಷಧಿ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬಾರದು. ಮಾತ್ರೆಯನ್ನು ಅವರು ಹೇಳದೆ ನಾವೇ ನಿಲ್ಲಿಸಲೂಬಾರದು.

ಜಾಗ ಮರಗಟ್ಟಿಸಿ ತೆಗೆದರು. ಎಳೆದ ಹಾಗಾಯಿತೇ ಹೊರತು ನೋವಾಗಲಿಲ್ಲ. ನಮ್ಮಂಥ ಊರಿನಲ್ಲಿ ಎಷ್ಟೋ ಸಲ ಗಂಟಿನ ಸೀಸೆಯನ್ನು ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ನಮ್ಮವರು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಹೋದರು. ಸೀಸೆಯಲ್ಲಿರುವುದು ಫಾರ್ಮಾಲಿನ್, ಕಣ್ಣು ಉರಿಸುವ ವಾಸನೆ. ಗಂಟು ಅದರಲ್ಲಿ ಪೂರ್ತಿ ಮುಳುಗಿರಬೇಕು. ನೀರಿನಲ್ಲೋ ಸಲೈನಿನಲ್ಲೋ ಹಾಕಿಟ್ಟರೆ ಕೆಟ್ಟುಹೋಗುತ್ತದೆ. ಸೀಸೆಯ ಮೇಲೆ ಹೆಸರು, ವಯಸ್ಸು, ಎಡವೋ ಬಲವೋ ಎಲ್ಲ ಸರಿಯಾಗಿದೆಯೇ ಅಂತ ನಾನೇ ಓದಿ ನೋಡಿದ್ದೆ.

ಲ್ಯಾಬಿನವರು ಗಂಟಿನ ತುಂಡನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ದಿನ ಹಿಡಿಯುವುದು ಅದಕ್ಕೇ. ಆ ಗಾಜಿನ ಸ್ಲೈಡು, ಮೇಣದ ಅಚ್ಚು ಎರಡನ್ನೂ ಜೋಪಾನ ಮಾಡಿಟ್ಟಿರುತ್ತಾರೆ. ಅನುಮಾನವಿದ್ದರೆ ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿಯಂಥ ಕಡೆ ಮತ್ತೊಮ್ಮೆ ತೋರಿಸಬಹುದು.

ನನಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಎರಡು ಸಲ ಹಾಲು ಉಕ್ಕಿಸಿದೆ, ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ಯಾರೂ ಏನೂ ಅನ್ನಲಿಲ್ಲ. ಅತ್ತೆಯವರೇ ನೀರಿನ ಬಿಂದಿಗೆ ಎತ್ತಿಟ್ಟರು. ಗಾಯ ಕೆಂಪಾದರೆ, ಕೀವಾದರೆ, ಜ್ವರ ಬಂದರೆ ತಕ್ಷಣ ಬರಬೇಕೆಂದಿದ್ದರು. ಹಾಗೇನೂ ಆಗಲಿಲ್ಲ.

ವರದಿ ಬಂತು. ಫೈಬ್ರೋಅಡಿನೋಮ ಅಂತ, ಕ್ಯಾನ್ಸರಲ್ಲ. ಅಕ್ಕನಿಗೆ ಫೋನ್ ಮಾಡಿದೆ. "ಒಳ್ಳೇದಾಯ್ತು ಕಣೇ" ಅಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾಗದ ಎಲ್ಲಿಟ್ಟಿದೀಯ?" ಅಂತ ಕೇಳಿದಳು. ಬೀರುವಿನಲ್ಲಿ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೊತೆ ಇಟ್ಟಿದ್ದೇನೆ ಅಂದೆ.